ಪಾನಕವೋ ಸೀಕರಣೆಯೋ?

ಇತಿಹಾಸವೆಂದ ಕೂಡಲೆ ನಮ್ಮ ಲಕ್ಷ್ಯವು ಅರಸರ ವಂಶಾವಳಿಗಳ ಕಡೆಗೂ ಕಾಳಗಗಳ ಇಸವಿಗಳ ಕಡೆಗೂ ಹರಿಯುವದು. 34 ವರ್ಷ ಮಾಸ್ತರಿಕೆ ಮಾಡಿದ ನಾನೂ ಹುಡುಗರಿಗೆ ಹಾಗೆಯೇ ಕಲಿಸಿದೆನು. ಆದರೆ ಅರಸರು ಆಳಿ ಅಳಿದರೂ ಅಡಿಗೆಯ ಮನೆಯು ಅಳಿಯಲಿಲ್ಲ. ಅಲ್ಲಿ ಕುಡಿದು ಕೆಳಗಿಡುವ ಒಂದು ಬಟ್ಟಲಿಗೂ ಎರಡು ಸಾವಿರ ವರ್ಷಗಳ ಚರಿತ್ರೆಯುಂಟು. ಅಂಥದೊಂದು ಬಟ್ಟಲಿನ ನಿಮಿತ್ತವಾಗಿ ನಮ್ಮ ಮನೆಯಲ್ಲಿ ಹುಟ್ಟಿದ ವಾದವೇ ಈ ಲೇಖನಕ್ಕೆ ಕಾರಣವಾಯಿತು.

ನಮ್ಮ ಊರು ಕುಲಗೋಡ. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವದು. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ರೂಪು ಕೊಟ್ಟ ತಮ್ಮಣ್ಣನ ಊರೆಂದರೆ ವಾಚಕರಿಗೆ ಕೂಡಲೆ ಗುರುತು ಸಿಕ್ಕೀತು. ಒಂದು ಹೂವಿನ ದೆಸೆಯಿಂದ ದ್ವಾರಕೆಯ ಅರಮನೆಯಲ್ಲಿ ಎಂಥ ಕಲಹವೆದ್ದಿತೆಂಬುದನ್ನು ಬೆಳತನಕ ಕುಳಿತು ನೋಡಿದ ಊರು ಇದು. ಕಳೆದ ರಾಮನವಮಿಯ ದಿವಸ ನಮ್ಮ ಮನೆಯಲ್ಲಿಯೂ ಒಂದು ಬಟ್ಟಲಿನ ದೆಸೆಯಿಂದ ಕಲಹವೆದ್ದಿತು. ಅದರಲ್ಲಿ ಸತ್ಯಭಾಮೆಯಂತೆ ಮುನಿಸಿಕೊಂಡು ಕುಳಿತವನು ಮಾತ್ರ ನಾನೇ.

ಸಂಗತಿ ಹೀಗೆ. ನನಗೆ ಮಧುಮೇಹವು ಅಂಟಿಕೊಂಡು ಎಂಟು ವರ್ಷಗಳಾದವು. ನಮ್ಮ ಅಣ್ಣನವರು ಇದೇ ರೋಗದಿಂದ ಕಾಲಿನ ಎರಡು ಬೆರಳು ಕಳೆದುಕೊಂಡವರು. ಆದರೂ ಬೇಸಿಗೆ ಬಂದಿತೆಂದರೆ ಬೆಲ್ಲದ ಪಾನಕವನ್ನು ನಾನು ಬಿಟ್ಟವನಲ್ಲ. ಚಹಾದ ಸಕ್ಕರೆಯು ಪರದೇಶದ ಚಟ, ಪಾನಕವಾದರೋ ದೇವರ ನೈವೇದ್ಯ, ಸಾತ್ವಿಕ ಪದಾರ್ಥ, ಶಾಸ್ತ್ರಸಮ್ಮತವಾದದ್ದು; ಅದರಿಂದ ಕೇಡೆಂತು ಬಂದೀತು ಎಂದು ನನ್ನ ವಾದ. ಆ ದಿವಸವೂ ಮೂರು ಲೋಟ ಪಾನಕವಾಗಿದ್ದಿತು. ಸಂಜೆಗೆ ರಕ್ತದ ಪರೀಕ್ಷೆ ಮಾಡಿ ನೋಡಿದಾಗ ಮನೆಯವರೆಲ್ಲ ಗಾಬರಿಯಾದರು. ಮರುದಿವಸ ಮುಂಜಾನೆ, ಬೇಸಿಗೆಯ ರಜೆಗೆಂದು ಬಂದ ಮೊಮ್ಮಗಳು ಹಸಿರು ಬಣ್ಣದ ಗಟ್ಟಿ ಪಾನೀಯವೊಂದನ್ನು ತಂದು ನನ್ನ ಮುಂದೆ ಇಟ್ಟಳು. ಸವತಿಕಾಯಿ, ಗಜ್ಜರಿ, ಪಾಲಕ, ಅರ್ಧ ಪೇರಲ ಹಣ್ಣು, ಮಜ್ಜಿಗೆ ಇವನ್ನೆಲ್ಲ ಮಿಕ್ಸರಿನಲ್ಲಿ ತಿರುವಿದ್ದಳು.

“ಅಜ್ಜಾ, ಇದಕ್ಕ ಸ್ಮೂದಿ ಅಂತಾರ. ಇದರಾಗ ಬೆಲ್ಲ ಇಲ್ಲ, ಸಕ್ಕರಿ ಇಲ್ಲ. ಕುಡದು ನೋಡ್ರಿ” ಎಂದಳು.

“ಎಮ್ಮಿಗೆ ಇಟ್ಟ ಮುಸರಿ ಕಂಡಂಗ ಕಾಣತದಲ್ಲವಾ! ಕಾಯಿಪಲ್ಯ ಕುಡಿಯೋ ಪದ್ಧತಿ ಯಾವ ಶಾಸ್ತ್ರದಾಗ ಅದ?” ಎಂದು ನಾನು ಮುಖ ತಿರುವಿದೆನು.

“ಇಲ್ಲ ಅಂತ ಯಾವ ಶಾಸ್ತ್ರದಾಗ ಅದ, ಅದನ್ನರ ತೋರಸ್ರಿ” ಎಂದು ಹೇಳಿ ಹುಡುಗಿಯು ಬಟ್ಟಲನ್ನು ಅಲ್ಲಿಯೇ ಬಿಟ್ಟು ಹೋದಳು. ಪಾಠಶಾಲೆಯಲ್ಲಿ ಓದಿದವನಿಗೆ ಇದಕ್ಕಿಂತ ದೊಡ್ಡ ಸವಾಲು ಬೇರೆ ಬೇಕೆ? ಹಳೆಯ ಗ್ರಂಥಗಳ ಧೂಳು ಜಾಡಿಸಿದೆನು. ಅವುಗಳಲ್ಲಿ ಕಂಡದ್ದು ನನ್ನ ಪಕ್ಷಕ್ಕೆ ಅನುಕೂಲವಾಗಲಿಲ್ಲ. ಆದರೂ ಕಂಡದ್ದನ್ನು ಕಂಡಂತೆ ಹೇಳುವದೇ ಇತಿಹಾಸವನ್ನು ಕಲಿಸಿದವನ ಧರ್ಮವಾದ್ದರಿಂದ ವಾಚಕರ ಮುಂದೆ ಇಡುತ್ತೇನೆ.

ಮೊದಲು ಶಬ್ದದ ವಿಚಾರ. ಕುಡಿಯುವದೆಂಬ ಅರ್ಥದ ‘ಪಾ’ ಧಾತುವಿನಿಂದ ಪಾನ, ಪಾನೀಯ, ಪಾನಕ ಎಂಬ ಮಾತುಗಳು ಬಂದಿರುವವು. ನೆರೆಯ ಮರಾಠಿಯಲ್ಲಿ ಮಾವಿನಕಾಯಿಯ ‘ಪನ್ಹೆ’ ಎಂಬುದೂ ಹಿಂದಿಯ ‘ಪನ್ನಾ’ ಎಂಬುದೂ ಈ ಪಾನಕದ ಸಂತತಿಯವೇ. ನಮ್ಮ ಹಿಂದಿನವರು ಆಹಾರವನ್ನು ಭಕ್ಷ್ಯ, ಭೋಜ್ಯ, ಲೇಹ್ಯ, ಪೇಯವೆಂದು ವಿಂಗಡಿಸಿದರು. ಹಲ್ಲಿನಿಂದ ಕಡಿಯುವದು ಬೇರೆ, ಉಣ್ಣುವದು ಬೇರೆ, ನೆಕ್ಕುವದು ಬೇರೆ, ಕುಡಿಯುವದು ಬೇರೆ. ಈ ವಿಂಗಡಣೆಯನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ವಾದದ ನಿರ್ಣಯವು ಕಡೆಗೆ ಇದರ ಮೇಲೆಯೇ ನಿಲ್ಲುವದು.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 46ನೆಯ ಅಧ್ಯಾಯವು ಅನ್ನಪಾನಗಳ ವಿಧಿಯನ್ನು ಹೇಳುವದು. ಅಲ್ಲಿ ಬೆಲ್ಲದ ಪಾನಕ, ದ್ರಾಕ್ಷೆಯ ಪಾನಕ, ಪರೂಷಕವೆಂಬ ಫಾಲಸಾ ಹಣ್ಣಿನ ಪಾನಕ, ಬೋರೆಹಣ್ಣಿನ ಪಾನಕ ಇವುಗಳ ಗುಣದೋಷಗಳು ಹೇಳಲ್ಪಟ್ಟಿವೆ. ಅದರಲ್ಲಿ ಗಮನಿಸತಕ್ಕ ಮಾತೆಂದರೆ, ಬೆಲ್ಲದ ಪಾನಕವನ್ನು ಸುಶ್ರುತನು ‘ಗುರು’ ಎಂದಿರುವನು. ಎಂದರೆ ಜೀರ್ಣಕ್ಕೆ ಭಾರವಾದದ್ದು. ದ್ರಾಕ್ಷೆಯ ಪಾನಕವನ್ನಾದರೋ ಶ್ರಮವನ್ನೂ ದಾಹವನ್ನೂ ಕಳೆಯತಕ್ಕದ್ದೆಂದು ಹೊಗಳಿರುವನು. ಪಾನಕವೆಂದರೆ ಬೆಲ್ಲದ ನೀರೇ ಎಂದು ತಿಳಿದಿದ್ದ ನನಗೆ ಇದು ಮೊದಲನೆಯ ಪೆಟ್ಟು.

ಎರಡನೆಯ ಪೆಟ್ಟು ಚರಕನಿಂದ ಬಿದ್ದಿತು. ಚಿಕಿತ್ಸಾಸ್ಥಾನದ 6ನೆಯ ಅಧ್ಯಾಯದಲ್ಲಿ ಪ್ರಮೇಹಕ್ಕೆ ಕಾರಣಗಳನ್ನೆಣಿಸುವಾಗ, ಕುಳಿತಲ್ಲಿಯೇ ಸುಖವಾಗಿ ಕುಳಿತಿರುವದು, ಹೆಚ್ಚು ನಿದ್ರೆ, ಮೊಸರು, ಹಾಲು, ಹೊಸ ಧಾನ್ಯ ಇವುಗಳ ಸಾಲಿನಲ್ಲಿ ಬೆಲ್ಲದಿಂದಾದ ಪದಾರ್ಥಗಳನ್ನೂ ಆತನು ಸ್ಪಷ್ಟವಾಗಿ ಸೇರಿಸಿರುವನು. ಈ ಶ್ಲೋಕವನ್ನು ನಾನು ಹದಿನೇಳನೆಯ ವಯಸ್ಸಿನಲ್ಲಿಯೇ ಕಂಠಪಾಠ ಮಾಡಿದ್ದೆನು. ಅರ್ಥವನ್ನೂ ಬಲ್ಲವನಾಗಿದ್ದೆನು. ಆದರೆ ಅದು ನನಗೇ ಹೇಳಿದ್ದೆಂಬುದು ಮಾತ್ರ ಅರವತ್ತು ದಾಟುವ ತನಕ ತಿಳಿಯಲಿಲ್ಲ. ಶಾಸ್ತ್ರವು ನನ್ನ ಕಡೆಗಿದೆಯೆಂದು ಲೋಟ ಎತ್ತಿದವನನ್ನು ಶಾಸ್ತ್ರವೇ ಕೈ ಹಿಡಿದು ನಿಲ್ಲಿಸಿತು.

ಇರಲಿ, ಕಾಯಿಪಲ್ಯವನ್ನು ಕುಡಿಯುವ ಮಾತೇನು? ಇದಕ್ಕೆ ಉತ್ತರವು ನಾನು ಎಣಿಸದ ಕಡೆಯಲ್ಲಿ ಸಿಕ್ಕಿತು. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಔಷಧಗಳನ್ನು ಕುರಿತ ಒಂದು ಖಂಡವುಂಟು. ಕೇಣಿಯನೆಂಬ ಜಟಾಧಾರಿಯೊಬ್ಬನು ಬುದ್ಧನಿಗೂ ಭಿಕ್ಷುಗಳಿಗೂ ಪಾನೀಯವನ್ನು ಸಿದ್ಧಪಡಿಸಿ ತಂದನು. ಆ ಪ್ರಸಂಗದಲ್ಲಿ ಬುದ್ಧನು ಎಂಟು ಪಾನಗಳಿಗೆ ಅನುಮತಿಯಿತ್ತನೆಂದು ಅಲ್ಲಿ ಹೇಳಿದೆ. ಮಾವು, ನೇರಳೆ, ಚೋಚ ಮೋಚಗಳೆಂಬ ಎರಡು ಜಾತಿಯ ಬಾಳೆ, ಮಧು, ದ್ರಾಕ್ಷೆ, ನೈದಿಲೆಯ ಗಡ್ಡೆ, ಪರೂಷಕ ಇವೇ ಆ ಎಂಟು. ಇಷ್ಟಕ್ಕೇ ನಿಲ್ಲದೆ, ಧಾನ್ಯಗಳನ್ನು ಬಿಟ್ಟು ಎಲ್ಲ ಫಲಗಳ ರಸಕ್ಕೂ, ಬೇಯಿಸಿದ ಪಲ್ಯವನ್ನು ಬಿಟ್ಟು ಎಲ್ಲ ಎಲೆಗಳ ರಸಕ್ಕೂ, ಇಪ್ಪೆಯ ಹೂವನ್ನು ಬಿಟ್ಟು ಎಲ್ಲ ಹೂವುಗಳ ರಸಕ್ಕೂ, ಕಬ್ಬಿನ ಹಾಲಿಗೂ ಅನುಮತಿ ಸಿಕ್ಕಿತು. ಎಲೆಯ ರಸವನ್ನೂ ಗಡ್ಡೆಯ ರಸವನ್ನೂ ಕುಡಿಯುವ ಪದ್ಧತಿಯು ಈ ದೇಶದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಇದ್ದಿತೆಂಬುದು ಇದರಿಂದ ಸಿದ್ಧವಾಗುವದು. ನನ್ನ ಮೊಮ್ಮಗಳ ಪಾಲಕಿನ ಬಟ್ಟಲಿಗೆ ಇಷ್ಟು ಹಳೆಯ ಸಾಕ್ಷಿ ದೊರೆತ ಮೇಲೆ ‘ಮುಸರಿ’ಯೆಂಬ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಭಿಕ್ಷುಗಳು ಮಧ್ಯಾಹ್ನದ ಮೇಲೆ ಉಣ್ಣುವಂತಿದ್ದಿಲ್ಲ. ಈ ಪಾನಗಳನ್ನು ಮಾತ್ರ ಕುಡಿಯಬಹುದಾಗಿದ್ದಿತು. ಆದ್ದರಿಂದ ವ್ಯಾಖ್ಯಾನಕಾರರು ಹಣ್ಣನ್ನು ತಣ್ಣೀರಿನಲ್ಲಿ ಹಿಸುಕಿ ಸೋಸಬೇಕೆಂದು ವಿಧಿಸಿದರು. ಸೋಸಿದರೆ ಅದು ಪಾನ, ತಿರುಳು ಉಳಿದರೆ ಅದು ಭೋಜನ. ಒಂದು ಬಟ್ಟೆಯ ತುಂಡು ಊಟಕ್ಕೂ ಕುಡಿತಕ್ಕೂ ನಡುವಿನ ಗಡಿಯಾಯಿತು. ಈ ಮಾತು ಹಳೆಯ ಮಠದ ಕಟ್ಟಳೆಯಾಗಿ ಕಂಡರೂ ಇಂದಿನ ನಮ್ಮ ಮನೆಗಳಿಗೆ ಬಹಳ ಉಪಯುಕ್ತವಾದದ್ದು. ಅದೇಕೆಂಬುದನ್ನು ಮುಂದೆ ಹೇಳುವೆನು.

ಈಗ ನಮ್ಮ ಕನ್ನಡ ನಾಡಿಗೆ ಬರೋಣ. ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿದನು. ಬಾವಿಯ ನೀರನ್ನು ಗುರುತಿಸುವದು, ಗಿಡಮರಗಳ ಆರೈಕೆ, ದನಕರುಗಳ ವೈದ್ಯ ಮೊದಲಾದವುಗಳ ಜೊತೆಗೆ ಅಡಿಗೆಯ ಶಾಸ್ತ್ರಕ್ಕೂ ಆತನು ಸ್ಥಳ ಕೊಟ್ಟಿರುವನು. ಗೃಹಸ್ಥನಿಗೆ ನಿತ್ಯವೂ ಬೇಕಾಗುವ ವಿದ್ಯೆಯನ್ನು ಕನ್ನಡದಲ್ಲಿ ಬರೆಯಬೇಕೆಂದು ಒಬ್ಬ ಕವಿಗೆ ಸಾವಿರ ವರ್ಷಗಳ ಹಿಂದೆ ತೋರಿತೆಂಬುದು ನಾವು ಹೆಮ್ಮೆಪಡತಕ್ಕ ಸಂಗತಿ.

ಅನಂತರ ಅದೇ ವಂಶದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ಬರೆದನು. ಆ ಕಾಲದಲ್ಲಿ ನಮ್ಮ ಈ ಸೀಮೆಯು ಕೂಂಡಿ ಮೂರುಸಾವಿರ ನಾಡಿನೊಳಗಿದ್ದು, ಚಾಲುಕ್ಯರ ಮಾಂಡಲಿಕರಾದ ರಟ್ಟರ ಆಳಿಕೆಯಲ್ಲಿದ್ದಿತು. 5 ವಿಂಶತಿಗಳೂ 100 ಅಧ್ಯಾಯಗಳೂ ಉಳ್ಳ ಆ ಗ್ರಂಥದಲ್ಲಿ ಅರಸನ ಊಟದಂತೆ ಆತನು ಕುಡಿಯುವ ನೀರಿಗೂ ಪಾನಕಗಳಿಗೂ ವಿವರವುಂಟು. ಯಾವ ಋತುವಿನಲ್ಲಿ ಎಲ್ಲಿಯ ನೀರನ್ನು ಕುಡಿಯಬೇಕೆಂಬುದನ್ನು ಕೂಡ ಅರಸನು ಬಿಟ್ಟಿಲ್ಲ. ಹುಳಿ ಬೆರಸಿ ಒಡೆಸಿದ ಹಾಲಿನ ಗಟ್ಟಿಯನ್ನು ಬೇರೆ ಮಾಡಿ, ಉಳಿದ ತಿಳಿಗೆ ಸಕ್ಕರೆಯನ್ನೂ ಏಲಕ್ಕಿಯ ಪುಡಿಯನ್ನೂ ಕೂಡಿಸಿ, ಮತ್ತೆ ಮತ್ತೆ ಬಟ್ಟೆಯಲ್ಲಿ ಸೋಸುವ ಒಂದು ಪಾನಕವನ್ನು ಆತನು ಹೇಳಿರುವನು. ಯಾವ ಹಣ್ಣಿನ ರಸವನ್ನು ಕೂಡಿಸುವರೋ ಆ ಹಣ್ಣಿನ ಹೆಸರೇ ಪಾನಕಕ್ಕೆ ಬರುವದೆಂದೂ ಹೇಳಿರುವನು. ಇಲ್ಲಿಯೂ ಸೋಸುವ ಬಟ್ಟೆಯೇ ಮುಖ್ಯ.

ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಕನ್ನಡದ ವಾರ್ಧಕ ಷಟ್ಪದಿಯಲ್ಲಿ ಬರೆದನು. ಹಿಟ್ಟಿನ ತಿಂಡಿಗಳಿಗೆ ಒಂದು ಅಧ್ಯಾಯವಾದರೆ ಪಾನಕಗಳಿಗೇ ಬೇರೆ ಒಂದು ಅಧ್ಯಾಯವನ್ನು ಆತನು ಮೀಸಲಿಟ್ಟನು. ಸುಮಾರು ಅದೇ ವರ್ಷಗಳಲ್ಲಿ ಮಾಳವದ ಸುಲ್ತಾನ ಗಿಯಾಸ ಶಹನ ಅರಮನೆಯಲ್ಲಿ ‘ನಿಮತ್‌ನಾಮಾ’ ಎಂಬ ಪಾಕಗ್ರಂಥವು ಸಿದ್ಧವಾಗಿ, ಅದರಲ್ಲಿ ಶರಬತ್ತುಗಳ ಕ್ರಮವು ಬರೆಯಲ್ಪಟ್ಟಿತು. ಅರಬೀ ಮೂಲದ ಈ ಶರಬತ್ತೆಂಬ ಶಬ್ದವು ನಮ್ಮ ಮನೆಗಳಲ್ಲಿ ಪಾನಕದ ಪಕ್ಕದಲ್ಲಿಯೇ ಜಗಳವಿಲ್ಲದೆ ಕುಳಿತಿರುವದು. ಆದಿಲಶಾಹಿಯ ನೆನಪನ್ನು ಹುಕ್ಕೇರಿಯ ಗುಮ್ಮಟಗಳು ಎತ್ತರದಲ್ಲಿ ಹೊತ್ತು ನಿಂತಿದ್ದರೆ, ನಮ್ಮ ನಾಲಿಗೆಯು ಒಂದು ಶಬ್ದದಲ್ಲಿ ಹೊತ್ತಿರುವದು.

ಇಷ್ಟು ಪಾನಕದ ವಂಶಾವಳಿಯಾಯಿತು. ಆದರೆ ಮಿಕ್ಸರಿನಲ್ಲಿ ತಿರುವಿದ ಬಟ್ಟಲಿನಲ್ಲಿ ತಿರುಳೆಲ್ಲ ಉಳಿದಿದೆ. ಅದನ್ನು ಯಾರೂ ಸೋಸುವದಿಲ್ಲ. ಹಾಗಾದರೆ ಅದು ಯಾವ ವಂಶದ್ದು? ಇದನ್ನು ಯೋಚಿಸುತ್ತ ಕುಳಿತಾಗ ನಮ್ಮ ಅಡಿಗೆಯ ಮನೆಯ ಇನ್ನೊಂದು ಪದಾರ್ಥವು ನೆನಪಾಯಿತು. ಮಾವಿನ ಹಂಗಾಮಿನಲ್ಲಿ ಹೋಳಿಗೆಯೊಡನೆ ನಾವು ಉಣ್ಣುವ ಸೀಕರಣೆಯೇ ಅದು. ಬಾಳೆಹಣ್ಣಿನಿಂದಲೂ ಮಾಡುವರು. ಇದರ ಮೂಲ ಹೆಸರು ಶಿಖರಿಣೀ, ಮರಾಠಿಯಲ್ಲಿ ‘ಶಿಕರಣ’ವೆಂದಾಗಿರುವದು. ಇದರ ಇನ್ನೊಂದು ಹೆಸರಾದ ರಸಾಲೆಯನ್ನು ಮೊದಲು ಮಾಡಿದವನು ಭೀಮಸೇನನೆಂದು ಪಾಕಶಾಸ್ತ್ರದವರ ಸಾಂಪ್ರದಾಯಿಕ ಕಥೆ. ಮೊಸರಿಗೆ ಸಕ್ಕರೆ, ಮೆಣಸು, ಏಲಕ್ಕಿಗಳನ್ನು ಕೂಡಿಸಿ ಬಟ್ಟೆಯ ಮೇಲೆ ತಿಕ್ಕಿ ನುಣುಪು ಮಾಡುವ ಕ್ರಮವು ವೈದ್ಯಗ್ರಂಥಗಳಲ್ಲಿದೆ. ಇಲ್ಲಿಯೂ ಬಟ್ಟೆಯುಂಟು, ಆದರೆ ತಿರುಳನ್ನು ತೆಗೆದೊಗೆಯುವದಕ್ಕಲ್ಲ, ನುಣುಪಾಗಿಸುವದಕ್ಕೆ. ಗಟ್ಟಿಯೆಲ್ಲ ಬಾಯಿಗೇ ಬರುವದು. ಆದ್ದರಿಂದಲೇ ಸೀಕರಣೆಯು ಎಲೆಯ ಮೇಲೆ ಬಡಿಸುವ ಪದಾರ್ಥವಾಯಿತು. ಅದನ್ನು ನೀರಡಿಕೆಗೆಂದು ಯಾರೂ ಕುಡಿಯಲಿಲ್ಲ.

ಇನ್ನು ಕಾಯಿಪಲ್ಯವನ್ನು ಹಸಿಯಾಗಿ ತಿನ್ನುವದು ನಮ್ಮ ಸೀಮೆಗೆ ಹೊಸದೇ? ಜೋಳದ ರೊಟ್ಟಿಯ ಮಗ್ಗುಲಲ್ಲಿ ಹಕ್ಕರಕಿ, ಮೆಂತೆ, ಉಳ್ಳಾಗಡ್ಡಿಯ ತಪ್ಪಲು, ಗಜ್ಜರಿ, ಸವತಿಕಾಯಿಗಳ ಪಚಡಿಯಿಲ್ಲದ ಊಟವನ್ನು ನಮ್ಮ ರೈತನು ಊಟವೆಂದು ಎಣಿಸುವನೇ? ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಅದರ ಹಿಂದೆಯೇ ಮಜ್ಜಿಗೆಯ ತಂಬಿಗೆಯೂ ಬರುವದು. ಮೊಮ್ಮಗಳು ಮಾಡಿದ್ದೇನು? ಪಚಡಿಯನ್ನೂ ಮಜ್ಜಿಗೆಯನ್ನೂ ಸೀಕರಣೆಯ ಕ್ರಮದಲ್ಲಿ ಒಂದುಗೂಡಿಸಿದಳು, ಅಷ್ಟೆ. ಹೊಸದೆಂದರೆ ಹೆಸರೊಂದು, ಯಂತ್ರವೊಂದು, ಮತ್ತು ಆ ಅರ್ಧ ಪೇರಲ ಹಣ್ಣು. ಪೇರಲ, ಪಪ್ಪಾಯಿ, ಅನಾನಸುಗಳು ಅಮೇರಿಕ ಖಂಡದವು; 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರ ಕಾಲದಲ್ಲಿ ಈ ಕಡೆಗೆ ಬಂದವು. ಅವನ್ನು ದೇವರಿಗೆ ಏರಿಸುವಾಗ ನಾವು ಜಾತಕ ಕೇಳಲಿಲ್ಲ. ಮಿಕ್ಸರನ್ನು ಮಾತ್ರ ಕೇಳುವದು ಯಾವ ನ್ಯಾಯ?

ಆ ಯಂತ್ರದ ಕಥೆಯೂ ಚಿಕ್ಕದೇ. ಪಾತ್ರೆಯ ತಳದಲ್ಲಿ ತಿರುಗುವ ಅಲಗನ್ನಿಟ್ಟ ಯಂತ್ರವನ್ನು ಅಮೇರಿಕದ ವಿಸ್ಕಾನ್ಸಿನ್ ಪ್ರಾಂತದ ಸ್ಟೀಫನ್ ಪೊಪ್ಲಾವ್ಸ್ಕಿಯೆಂಬವನು 1922ರಲ್ಲಿ ಕಲ್ಪಿಸಿದನು. 1937ರಲ್ಲಿ ಫ್ರೆಡ್ ವೇರಿಂಗನೆಂಬ ಸಂಗೀತಗಾರನ ಹೆಸರಿನಿಂದ ಅಂಥ ಯಂತ್ರವು ಪೇಟೆಗೆ ಬಂದು ಹೆಸರಾಯಿತು. ನಮ್ಮ ದೇಶದ ಒಣ ಮಸಾಲೆಗೂ ನೆನೆಸಿದ ಬೇಳೆಗೂ ತಾಳುವ ಯಂತ್ರವನ್ನು 1960ರ ದಶಕದಲ್ಲಿ ಸತ್ಯಪ್ರಕಾಶ ಮಾಥುರರು ‘ಸುಮೀತ’ವೆಂಬ ಹೆಸರಿನಿಂದ ತಂದರು. ಗೋಕಾಕದ ಜಲಪಾತದ ಬಲದಿಂದ ನೂಲಿನ ಗಿರಣಿಯ ಚಕ್ರಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಿರುಗಿದವು. ಆದರೆ ನಮ್ಮ ತಾಯಂದಿರ ರಟ್ಟೆಗೆ ಬಿಡುವು ಸಿಕ್ಕಲು ಮುಂದೆ ಅನೇಕ ದಶಕಗಳು ಬೇಕಾದವು. ಒಳ್ಳು, ಖಲಬತ್ತ, ಕಡೆಗೋಲುಗಳ ಮುಂದೆ ಕುಳಿತ ನಮ್ಮ ತಾಯಿಯ ನೆನಪಾದಾಗ, ಯಂತ್ರವನ್ನು ಹಳಿಯಲು ನನಗೆ ನಾಲಿಗೆ ಬರುವದಿಲ್ಲ.

ಹಾಗಾದರೆ ಕೆಟ್ಟದ್ದೆಲ್ಲಿ? ನನ್ನ ಬುದ್ಧಿಗೆ ತೋರಿದ್ದನ್ನು ಹೇಳುವೆನು. ಪಾನಕವು ಹಿಂದೆ ದಿನನಿತ್ಯದ ವಸ್ತುವಾಗಿದ್ದಿಲ್ಲ. ಅದು ಅರಸನ ಭೋಗ, ದೇವರ ನೈವೇದ್ಯ, ಇಲ್ಲವೆ ಬಿಸಿಲಿನಲ್ಲಿ ನಡೆದು ಬಂದ ದಾರಿಕಾರನ ಉಪಚಾರ. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಅರವಟ್ಟಿಗೆಗೆಂದು ಭೂಮಿ ಬಿಟ್ಟ ದತ್ತಿಗಳು ಕಾಣುವವು. ಹತ್ತು ಹರದಾರಿ ನಡೆದವನ ಬೆವರಿಗೆ ಒಂದು ಬಟ್ಟಲು ಬೆಲ್ಲದ ನೀರು ಸಲ್ಲುವದು. ಈಗಲಾದರೋ ನಮ್ಮ ಸೀಮೆಯು ಕಬ್ಬಿನ ಸೀಮೆ. ಘಟಪ್ರಭೆಯ ಕಾಲುವೆಗಳೂ ಹಿಡಕಲ್ಲಿನ ಜಲಾಶಯವೂ ಒಣಭೂಮಿಗೆ ನೀರು ಕೊಟ್ಟವು. ಜೋಳವಿದ್ದಲ್ಲಿ ಕಬ್ಬು ನಿಂತಿತು. ರೈತನ ಮನೆಗೆ ನಾಲ್ಕು ಕಾಸು ಬಂದಿತು. ಅದು ಸಂತೋಷವೇ. ಆದರೆ ಬೆಲ್ಲವು ಅಗ್ಗವಾದಷ್ಟು ನಮ್ಮ ನಡಿಗೆಯು ಕಡಿಮೆಯಾಯಿತು. ಕುರ್ಚಿಯಲ್ಲಿ ಕುಳಿತವನು ದಾರಿಕಾರನ ಬಟ್ಟಲನ್ನು ಕುಡಿಯತೊಡಗಿದನು. ಚರಕನು ಹೇಳಿದ ಎರಡು ಕಾರಣಗಳು, ಕುಳಿತಿರುವ ಸುಖವೂ ಬೆಲ್ಲದ ಪದಾರ್ಥವೂ, ಒಂದೇ ಮನೆಯಲ್ಲಿ ಕೂಡಿದವು.

ನಮ್ಮ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಆರು ಲೋಟ ಪಾನಕಕ್ಕೆ 250 ಗ್ರಾಂ ಬೆಲ್ಲ. ಲೋಟಕ್ಕೆ ಸುಮಾರು 40 ಗ್ರಾಂ ಆಯಿತು. ಜಾಗತಿಕ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಸೂಚನೆಯಂತೆ ಹೊರಗಿನಿಂದ ಕೂಡಿಸಿದ ಸಕ್ಕರೆ ಬೆಲ್ಲಗಳೂ, ಜೇನೂ, ಹಣ್ಣಿನ ಸೋಸಿದ ರಸದೊಳಗಿನ ಸಕ್ಕರೆಯೂ ಸೇರಿ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 10 ಪಾಲಿಗಿಂತ ಕಡಿಮೆಯಿರಬೇಕು. 2000 ಕ್ಯಾಲೊರಿಯ ಆಹಾರಕ್ಕೆ ಅದು ಸುಮಾರು 50 ಗ್ರಾಂ. ನಾನು ರಾಮನವಮಿಯ ಒಂದು ಮಧ್ಯಾಹ್ನದಲ್ಲಿ ಕುಡಿದ ಬೆಲ್ಲವು 120 ಗ್ರಾಮಿಗೂ ಮೇಲೆ! ಇಡಿಯ ಹಣ್ಣಿನೊಳಗಿನ ಸಕ್ಕರೆಯನ್ನು ಈ ಲೆಕ್ಕಕ್ಕೆ ಹಿಡಿಯಲಿಲ್ಲ. ರಸವನ್ನು ಹಿಂಡಿ ತೆಗೆದಾಗ ಮಾತ್ರ ಹಿಡಿದರು. ಎರಡು ಸಾವಿರ ವರ್ಷಗಳ ಹಿಂದಿನ ಭಿಕ್ಷುಗಳೂ ಈಗಿನ ವೈದ್ಯರೂ ಹಿಂಡಿದ ರಸವನ್ನೂ ಇಡಿಯ ಹಣ್ಣನ್ನೂ ಬೇರೆ ಬೇರೆಯಾಗಿ ಎಣಿಸಿದ್ದು ಸೋಜಿಗವಲ್ಲವೆ?

ಆದ್ದರಿಂದ ನನ್ನ ನಿರ್ಣಯವಿದು: ಮಿಕ್ಸರಿನ ಬಟ್ಟಲು ಪಾನಕದ ಜಾತಿಯದಲ್ಲ, ಸೀಕರಣೆಯ ಜಾತಿಯದು. ಅದು ನೀರಡಿಕೆಯ ವಸ್ತುವಲ್ಲ, ಊಟದ ಒಂದು ಭಾಗ. ಊಟವಾದ ಮೇಲೆ, ಊಟದ ಜೊತೆಗೆ, ಮತ್ತೆ ಮೇಲೊಂದು ಲೋಟವೆಂದು ಕುಡಿಯುವವರು ಎರಡು ಸಲ ಉಂಡಂತೆ. ಒಂದು ಹೊತ್ತಿನ ಉಪಹಾರಕ್ಕೆ ಬದಲಾಗಿ, ಬೆಲ್ಲ ಸಕ್ಕರೆ ಮುಟ್ಟದೆ, ಸೋಸದೆ, ನಿಧಾನವಾಗಿ ಕುಡಿದರೆ ಮಾತ್ರ ಅದು ಆರೋಗ್ಯದ ವಸ್ತುವಾಗುವದು. ನುಣ್ಣಗಾದ ಹಣ್ಣನ್ನು ಅಗಿಯುವ ಕೆಲಸವಿಲ್ಲವಾದ್ದರಿಂದ ತಿಳಿಯದೆ ಹೆಚ್ಚು ಹೋಗುವದುಂಟು; ಒಮ್ಮೆಲೆ ಮೂರು ಬಾಳೆಹಣ್ಣು ತಿನ್ನದವನು ಮೂರರ ಸೀಕರಣೆಯನ್ನು ಸುಲಭವಾಗಿ ಕುಡಿದಾನು.

ಈಗ ನಮ್ಮ ಮನೆಯಲ್ಲಿ ನಡೆದಿರುವ ಕ್ರಮವನ್ನು ಹೇಳುವೆನು. ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ತನ್ನ ಆಹಾರದ ಮಾರ್ಗದರ್ಶಿಯಲ್ಲಿ ದಿನಕ್ಕೆ 400 ಗ್ರಾಂ ಕಾಯಿಪಲ್ಯವನ್ನೂ 100 ಗ್ರಾಂ ಹಣ್ಣನ್ನೂ ಹೇಳಿರುವದು. ಆ ಪ್ರಮಾಣವನ್ನೇ, ಎಂದರೆ ನಾಲ್ಕು ಪಾಲು ಕಾಯಿಪಲ್ಯಕ್ಕೆ ಒಂದು ಪಾಲು ಹಣ್ಣು ಎಂಬುದನ್ನೇ ನಾವು ಬಟ್ಟಲಿಗೂ ಇಟ್ಟುಕೊಂಡಿರುವೆವು. ಇಬ್ಬರಿಗೆ ಎಳೆಯ ಸವತಿಕಾಯಿ ಒಂದು, ನಡುತರದ ಗಜ್ಜರಿ ಒಂದು, ಚೆನ್ನಾಗಿ ತೊಳೆದ ಪಾಲಕ ಒಂದು ಹಿಡಿ, ಪುದೀನದ ನಾಲ್ಕೆಂಟು ಎಲೆ, ಪೇರಲ ಇಲ್ಲವೆ ಸಣ್ಣ ಬಾಳೆಹಣ್ಣು ಒಂದು. ಪೇರಲವಾದರೆ ಗಟ್ಟಿ ಬೀಜಗಳನ್ನು ತೆಗೆಯಬೇಕು. ಗಜ್ಜರಿಯನ್ನು ಹೆರೆದು ಹಾಕಿದರೆ ಬೇಗನೆ ನುಣುಪಾಗುವದು. ಮೊದಲು ಗಟ್ಟಿ ಪದಾರ್ಥಗಳನ್ನು ಸ್ವಲ್ಪ ನೀರಿನೊಡನೆ ತಿರುವಿ, ಆಮೇಲೆ ಎಲೆಗಳನ್ನೂ ಹಣ್ಣನ್ನೂ ಕೂಡಿಸಬೇಕು. ಕಡೆಗೆ ಬೆಣ್ಣೆ ತೆಗೆದ ತೆಳುವಾದ ಮಜ್ಜಿಗೆ ಎರಡು ಬಟ್ಟಲು, ಹುರಿದ ಜೀರಿಗೆಯ ಪುಡಿ, ಹಸಿಶುಂಠಿಯ ಚೂರು, ಚಿಟಿಕೆ ಉಪ್ಪು. ಬರ್ಫದ ಬದಲು ಹರವಿಯ ತಣ್ಣೀರೇ ಸಾಕು. ಮಾಡಿದ ಕೂಡಲೆ ಕುಡಿಯಬೇಕು, ಸಂಜೆಗೆಂದು ಎತ್ತಿಡಬಾರದು. ಇದರಲ್ಲಿಯೂ ಹಣ್ಣಿನ ಸಕ್ಕರೆಯಿರುವದರಿಂದ ನನ್ನಂಥ ರೋಗಿಗಳು ತಮ್ಮ ವೈದ್ಯರನ್ನು ಕೇಳಿಯೇ ಪ್ರಮಾಣವನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

ಹಾಲನ್ನು ಬಿಟ್ಟು ಮಜ್ಜಿಗೆಯನ್ನೇಕೆ ಹಿಡಿದಿರೆಂದು ಕೇಳಬಹುದು. ಚರಕನು ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ ಹಾಲಿನೊಡನೆ ಕೂಡದ ಹಣ್ಣುಗಳ ಉದ್ದವಾದ ಪಟ್ಟಿಯನ್ನು ಕೊಟ್ಟಿರುವನು. ಅದರಲ್ಲಿ ಮೋಚವೆಂಬ ಬಾಳೆಯೂ ಇದೆ. ಬಾಳೆಹಣ್ಣಿಗೆ ಹಾಲು ಸುರಿದು ಸೀಕರಣೆ ಮಾಡುವ ಮನೆಗಳು ಆತನ ಮಾತನ್ನು ಎಂದೋ ಮೀರಿದವು, ಮೀರಿ ಸುಖವಾಗಿಯೇ ಇವೆ. ಶಾಸ್ತ್ರವೂ ರೂಢಿಯೂ ಹೀಗೆ ಎದುರುಬದುರಾದಲ್ಲಿ ನಾನು ತೀರ್ಪು ಹೇಳುವದಿಲ್ಲ. ಗಟ್ಟಿ ಮೊಸರನ್ನೂ ಸಿಹಿ ಹಾಲನ್ನೂ ಬಿಟ್ಟು ತೆಳು ಮಜ್ಜಿಗೆಯನ್ನು ಹಿಡಿದರೆ ನನ್ನ ರೋಗಕ್ಕೂ ಒಳ್ಳೆಯದು, ಚರಕನಿಗೂ ಸಮಾಧಾನ.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಲಾರೆನು. ಹಸಿಯಾದದ್ದೆಲ್ಲ ಅಮೃತವಲ್ಲ. ಸೋರೆ, ಸವತೆ ಮೊದಲಾದ ಬಳ್ಳಿಗಳ ಕಾಯಿಗಳಲ್ಲಿ ಒಮ್ಮೊಮ್ಮೆ ಕಹಿ ವಿಷವು ಕೂಡಿಕೊಳ್ಳುವದು. ಕಹಿಯಾದ ಸೋರೆಕಾಯಿಯ ರಸವನ್ನು ಕುಡಿದು 2010ರಲ್ಲಿ ದಿಲ್ಲಿಯಲ್ಲಿ ಪ್ರಾಣಹಾನಿಯಾದಾಗ, ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ತಜ್ಞರ ಸಮಿತಿಯನ್ನು ನೇಮಿಸಿ ವಿಚಾರ ಮಾಡಿಸಿತು. ಕಹಿಯಾದರೆ ಕುಡಿಯಲೇಬಾರದೆಂಬುದೇ ಸಾರಾಂಶ. ಕಹಿಯೆಲ್ಲ ಔಷಧವೆಂದು ತಿಳಿದು ಕಣ್ಣು ಮುಚ್ಚಿ ನುಂಗುವ ಹಿರಿಯರು ನಮ್ಮಲ್ಲಿ ಬಹಳ. ಕಾಯಿಯನ್ನು ಕೊಯ್ದ ಕೂಡಲೆ ಒಂದು ಚೂರನ್ನು ನಾಲಿಗೆಗೆ ಹಚ್ಚಿ ನೋಡಿ ಉಗುಳಿಬಿಡುವ ನಮ್ಮ ಅಜ್ಜಿಯರ ಪದ್ಧತಿಯೇ ಇಲ್ಲಿ ದೊಡ್ಡ ಶಾಸ್ತ್ರ.

ರಾಮನವಮಿಯ ಪಾನಕವನ್ನು ಬಿಡಬೇಕೆಂದು ನಾನು ಹೇಳುವದಿಲ್ಲ. ದೇವರ ಮುಂದೆ ಅದು ಇರಲಿ. ಬಿಸಿಲಲ್ಲಿ ಬಂದವನ ಕೈಗೆ ಅದು ಸಲ್ಲಲಿ. ನನ್ನಂಥವನಿಗೆ ಉದ್ಧರಣೆಯ ತುಂಬ ತೀರ್ಥದಂತೆ ಸಾಕು. ಮಿಕ್ಕ ದಿವಸಗಳಲ್ಲಿ ಆ ಹಸಿರು ಬಟ್ಟಲು ಮುಂಜಾನೆಯ ನನ್ನ ಉಪಹಾರವಾಗಿರುವದು. ಮೊಮ್ಮಗಳು ಶಾಲೆ ಸುರುವಾಯಿತೆಂದು ತನ್ನ ಊರಿಗೆ ಹೊರಡುವಾಗ, ಮಿಕ್ಸರಿನ ಮುಚ್ಚಳವನ್ನು ಹೇಗೆ ಒತ್ತಿ ಹಿಡಿಯಬೇಕೆಂಬುದನ್ನು ನನಗೆ ಎರಡು ಸಲ ತೋರಿಸಿದಳು. ಮೊದಲನೆಯ ದಿವಸ ಗೋಡೆಯ ಮೇಲೆಲ್ಲ ಪಾಲಕು ಸಿಡಿದಿತು. ಎರಡನೆಯ ದಿವಸ ಸರಿಯಾಯಿತು. ಅಣ್ಣನವರ ಮನೆಗೂ ಒಂದು ತಂಬಿಗೆ ತೆಗೆದುಕೊಂಡು ಹೋದೆನು. ಅವರು ಬಗ್ಗಿ ನೋಡಿ, “ಏನೋ ಇದು, ಮುಸರಿ ಕಂಡಂಗ ಕಾಣತದಲ್ಲ?” ಎಂದರು. ನಾನು ಮಹಾವಗ್ಗದಿಂದ ಆರಂಭಿಸಬೇಕಾಯಿತು.